ಹಳೆಯ ಎಕ್ಸ್‌ರೇಗಳನ್ನು ಎಸೆಯಬೇಡಿ

ಓದುಗರ ಪ್ರಶ್ನೆಗಳಿಗೆ ಮಕ್ಕಳ ಶಸ್ತ್ರಚಿಕಿತ್ಸಕಿಯ ಉತ್ತರ

ಹಿಂದಿನ ಸಂಚಿಕೆಯಲ್ಲಿ ಮಕ್ಕಳ ಕೆಮ್ಮಿನ ಬಗ್ಗೆ ಬರೆಯುವಾಗ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಕೆಲವು ಮಕ್ಕಳಿಗೆ ಶ್ವಾಸಕೋಶದ ತೊಂದರೆ ಹುಟ್ಟುವಾಗಲೇ ಬಂದಿರುತ್ತದೆ ಎಂದು. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಬರಹಕ್ಕೆ ಬರಲಿಲ್ಲ. ಎಷ್ಟು ಅಮ್ಮಂದಿರು ಈ ಭಾರವನ್ನು ಯಾರಿಗೂ ಹೇಳದೆ ಹೊತ್ತುಕೊಂಡಿದ್ದಾರೆ ಎಂದು ಓದುವಾಗ ಗೊತ್ತಾಯಿತು. ಹಾಗಾಗಿ ಈ ಸಲ ಪೂರ್ತಿ ಜಾಗ ಈ ವಿಷಯಕ್ಕೇ.

ಪ್ರಶ್ನೆ: ನನಗೆ ಈಗ 24 ವಾರ. 20ನೇ ವಾರದ ಅನಾಮಲಿ ಸ್ಕ್ಯಾನಿನಲ್ಲಿ ಮಗುವಿನ ಎಡ ಶ್ವಾಸಕೋಶದಲ್ಲಿ ಗುಳ್ಳೆಗಳು ಕಾಣಿಸಿವೆ. ರಿಪೋರ್ಟಿನಲ್ಲಿ ‘ಸಿಪಿಎಎಮ್’ ಎಂದು ಬರೆದಿದ್ದಾರೆ. ಗ್ರಹಣದ ದಿನ ನಾನು ಅಂಗಳಕ್ಕೆ ಹೋಗಿದ್ದೆ, ಅದಕ್ಕೇ ಹೀಗಾಯಿತು ಅಂತ ಅತ್ತೆ ಹೇಳುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಮಗು ಉಳಿಯುತ್ತಾ ಮೇಡಂ?
— ಓದುಗರು, ಹಾಸನ

ಉತ್ತರ: ಮೊದಲು ಗ್ರಹಣದ ಮಾತು ಮುಗಿಸೋಣ ತಾಯಿ. ಮಗುವಿನ ಶ್ವಾಸಕೋಶ ಮೊಳಕೆಯೊಡೆಯುವುದು ಗರ್ಭ ನಿಂತ ನಾಲ್ಕನೇ ವಾರದಲ್ಲಿ. ಬಹಳ ಜನಕ್ಕೆ ತಾವು ಬಸುರಿ ಎಂದು ಗೊತ್ತಾಗುವುದೇ ಆ ಹೊತ್ತಿಗೆ. ಅಲ್ಲಿಂದ ಸುಮಾರು 16ನೇ ವಾರದವರೆಗೆ ಉಸಿರಿನ ಕೊಳವೆಗಳು ಕವಲೊಡೆಯುತ್ತಾ ಹೋಗುತ್ತವೆ. ಒಂದರಿಂದ ಎರಡು, ಎರಡರಿಂದ ನಾಲ್ಕು, ಹೀಗೆ. ಈ ಕೆಲಸದ ನಡುವೆ ಒಂದು ಕಡೆ ಕವಲು ಸರಿಯಾಗಿ ಒಡೆಯದೆ ಗುಳ್ಳೆಗಳ ಗೊಂಚಲಾಗಿ ಉಳಿದುಬಿಡುತ್ತದೆ. ಅದೇ ಸಿಪಿಎಎಮ್. ನೀವು ತಿಂದದ್ದು, ನೋಡಿದ್ದು, ನಡೆದದ್ದು ಯಾವುದೂ ಇದಕ್ಕೆ ಕಾರಣವಲ್ಲ. ಈ ಪುಟವನ್ನು ನಿಮ್ಮ ಅತ್ತೆಯವರಿಗೂ ಓದಲು ಕೊಡಿ. ಅವರೂ ಹೆದರಿದ್ದಾರೆ. ಹೆದರಿದವರು ಯಾವುದಾದರೂ ಒಂದು ಕಾರಣ ಹುಡುಕುತ್ತಾರೆ.

ಈಗ ಮಗುವಿನ ವಿಷಯ. ಮುಂದಿನ ಸ್ಕ್ಯಾನಿಗೆ ಹೋದಾಗ ‘ಸಿವಿಆರ್ ಎಷ್ಟಿದೆ?’ ಎಂದು ಕೇಳಿ. ಗುಳ್ಳೆಗಳ ಗಾತ್ರವನ್ನು ಮಗುವಿನ ತಲೆಯ ಸುತ್ತಳತೆಯೊಂದಿಗೆ ಹೋಲಿಸಿ ತೆಗೆಯುವ ಸಂಖ್ಯೆ ಅದು. 1.6ಕ್ಕಿಂತ ಹೆಚ್ಚಿದ್ದರೆ ಮಗುವಿನ ಮೈಯಲ್ಲಿ ನೀರು ತುಂಬುವ ಅಪಾಯ ಜಾಸ್ತಿ. ಅಂಥವರನ್ನು ವಾರಕ್ಕೊಮ್ಮೆ, ಬೇಕಾದರೆ ಎರಡು ಸಲ ನೋಡಬೇಕಾಗುತ್ತದೆ. ತಾಯಿಗೆ ಬೀಟಾಮೆಥಸೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆ ಸಣ್ಣ ಗುಳ್ಳೆಗಳ ಗಡ್ಡೆಗಳು ಬೆಳೆಯುವುದು ನಿಂತದ್ದನ್ನು ನಾನೇ ಕಂಡಿದ್ದೇನೆ. ಸಂಖ್ಯೆ ಅದಕ್ಕಿಂತ ಕಡಿಮೆ ಇದೆ, ಎಲ್ಲೂ ನೀರು ತುಂಬಿಲ್ಲ ಅಂದರೆ ಧೈರ್ಯವಾಗಿರಿ. ಇಂಥ ಹೆಚ್ಚಿನ ಮಕ್ಕಳು ಬೇರೆ ಮಕ್ಕಳಂತೆಯೇ ಹುಟ್ಟಿ, ಅತ್ತು, ಹಾಲು ಕುಡಿಯುತ್ತವೆ. ಇದೊಂದೇ ಕಾರಣಕ್ಕೆ ಸಿಸೇರಿಯನ್ನೂ ಬೇಕಿಲ್ಲ. ಎಳೆಮಕ್ಕಳ ಐಸಿಯು ಇರುವ ಕಡೆ ಹೆರಿಗೆ ಆದರೆ ಸಾಕು.

ನಿಮಗೆ ನಾನು ಒತ್ತಿ ಹೇಳಬೇಕಾದ ಮಾತು ಬೇರೆ ಇದೆ. ಸಾಮಾನ್ಯವಾಗಿ 28ನೇ ವಾರದ ನಂತರ ಗುಳ್ಳೆ ಬೆಳೆಯುವುದು ನಿಲ್ಲುತ್ತದೆ, ಮಗು ಮಾತ್ರ ಬೆಳೆಯುತ್ತದೆ. ಸುತ್ತಲಿನ ಒಳ್ಳೆಯ ಶ್ವಾಸಕೋಶವೂ ಸ್ಕ್ಯಾನಿನಲ್ಲಿ ಅದೇ ಬಣ್ಣಕ್ಕೆ ತಿರುಗುತ್ತದೆ. ಆಗ ಕೆಲವು ಸಲ ಗುಳ್ಳೆ ಕಾಣಿಸುವುದೇ ಇಲ್ಲ. ‘ಮಾಯವಾಗಿದೆ’ ಎಂದು ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ನನ್ನ ಹತ್ತಿರ ಬಂದಿದ್ದ ಒಂದು ದಂಪತಿ ಹೀಗೇ ಖುಷಿಯಾಗಿ ಊರಿಗೆ ಹೋದರು, ಸ್ವೀಟ್ ಬಾಕ್ಸ್ ಕೊಟ್ಟು ಹೋದರು. ಮತ್ತೆ ಅವರನ್ನು ನಾನು ನೋಡಿದ್ದು ಮೂರು ವರ್ಷದ ಮೇಲೆ. ಮಗುವಿಗೆ 104 ಡಿಗ್ರಿ ಜ್ವರ, ಗುಳ್ಳೆಯ ತುಂಬ ಕೀವು. ಆಪರೇಷನ್ ಮೊದಲೇ ಆಗಿದ್ದರೆ ಎರಡು ಗಂಟೆಯ ಕೆಲಸ. ಅವತ್ತು ಐದು ಗಂಟೆ ಹಿಡಿಯಿತು. ಮಗು ಚೆನ್ನಾಗಿದೆ. ಆದರೂ ಆ ಅಪ್ಪ ‘ನಾವು ಬಂದು ತೋರಿಸಬೇಕಿತ್ತು’ ಎಂದು ಮತ್ತೆ ಮತ್ತೆ ಹೇಳಿದ್ದು ನನಗೆ ಮರೆಯುವುದಿಲ್ಲ. ತಪ್ಪು ಅವರದಲ್ಲ. ಹುಟ್ಟಿದ ಮೇಲೂ ತೋರಿಸಿ ಎಂದು ಅವರಿಗೆ ಬಿಡಿಸಿ ಹೇಳಿದವರು ಇರಲಿಲ್ಲ. ನಾನೂ ಹೇಳಿರಲಿಲ್ಲ.

ಹಾಗಾಗಿ ಸ್ಕ್ಯಾನಿನಲ್ಲಿ ಮಾಯವಾದರೂ ಹುಟ್ಟಿದ ಮೇಲೆ ನೋಡಲೇಬೇಕು. ಮೊದಲ ವಾರದ ಎಕ್ಸ್‌ರೇ ಪೂರ್ತಿ ಚೆನ್ನಾಗಿ ಕಂಡರೂ ಅದನ್ನು ನಂಬಿ ಕೂರಬೇಡಿ. ಕೆಲವು ತಿಂಗಳಾದ ಮೇಲೆ ಒಂದು ಸಿಟಿ ಸ್ಕ್ಯಾನ್ ಮಾಡಿಸಿದರೆ ನಿಜ ಗೊತ್ತಾಗುತ್ತದೆ. ತೊಂದರೆಯೇ ಕೊಡದ ಗುಳ್ಳೆಯನ್ನು ತೆಗೆಯಬೇಕೇ ಎನ್ನುವುದರಲ್ಲಿ ಡಾಕ್ಟರುಗಳಲ್ಲೇ ಎರಡು ಅಭಿಪ್ರಾಯಗಳಿವೆ. ಕಾದು ನೋಡೋಣ ಎನ್ನುವವರೂ ಇದ್ದಾರೆ. ನಾನು ತೆಗೆಯುವ ಕಡೆಯವಳು, ಅದೂ ಮೊದಲ ವರ್ಷದೊಳಗೆ. ಒಮ್ಮೆ ಸೋಂಕಾದರೆ ಒಳಗೆಲ್ಲ ಅಂಟಿಕೊಂಡು ಆಪರೇಷನ್ ಕಷ್ಟವಾಗುತ್ತದೆ. ಇನ್ನೊಂದು ಕಾರಣವೂ ಇದೆ. ತೀರಾ ಅಪರೂಪಕ್ಕೆ, ಸಿಪಿಎಎಮ್‌ನಂತೆಯೇ ಕಾಣುವ ಗುಳ್ಳೆ ಒಂದು ಬಗೆಯ ಕ್ಯಾನ್ಸರ್ ಆಗಿರಬಹುದು. ಸಿಟಿಯಲ್ಲಿ ಎರಡನ್ನೂ ಖಚಿತವಾಗಿ ಬೇರೆ ಮಾಡಿ ಹೇಳಲು ಆಗುವುದಿಲ್ಲ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾನು ರೈತ, ಭತ್ತ ಬೆಳೆಯುತ್ತೇನೆ. ಮಗಳಿಗೆ 4 ವರ್ಷ. ಎರಡು ವರ್ಷದಲ್ಲಿ ನಾಲ್ಕು ಸಲ ನ್ಯುಮೋನಿಯಾ ಆಗಿದೆ. ಪ್ರತಿ ಸಲ ಬೇರೆ ಆಸ್ಪತ್ರೆ, ಐದಾರು ದಿನ ಇಂಜೆಕ್ಷನ್, ಆಮೇಲೆ ಗುಣ. ಒಬ್ಬರು ಆಸ್ತಮಾ ಅಂದರು. ಇನ್ನೊಬ್ಬರು ಪ್ರೈಮರಿ ಕಾಂಪ್ಲೆಕ್ಸ್ (ಮಕ್ಕಳ ಟಿಬಿ) ಅಂತ ಆರು ತಿಂಗಳು ಮಾತ್ರೆ ಕೊಟ್ಟರು. ಈಗ ಹುಟ್ಟಿನಿಂದಲೇ ಬಂದದ್ದು ಇರಬಹುದು, ಆಪರೇಷನ್ ಬೇಕಾಗಬಹುದು ಅನ್ನುತ್ತಾರೆ. ಶ್ವಾಸಕೋಶ ತೆಗೆದರೆ ಮಗು ಹೇಗೆ ಬದುಕುತ್ತದೆ? ಖರ್ಚು ಎಷ್ಟಾಗುತ್ತದೆ?
— ಓದುಗರು, ಗಂಗಾವತಿ

ಉತ್ತರ: ನಾಲ್ಕು ಸಲ ಆಗಿದೆ ಎಂದು ಬರೆದಿದ್ದೀರಿ. ಎದೆಯ ಯಾವ ಭಾಗದಲ್ಲಿ ಎಂದು ಬರೆದಿಲ್ಲ. ನನಗೆ ಬೇಕಾಗಿರುವುದು ಅದೇ. ನಾಲ್ಕೂ ಎಕ್ಸ್‌ರೇ ನಿಮ್ಮ ಹತ್ತಿರ ಇವೆಯಾ? ಇದ್ದರೆ ದಿನಾಂಕದ ಪ್ರಕಾರ ಜೋಡಿಸಿ, ಒಬ್ಬರೇ ಡಾಕ್ಟರ ಮುಂದೆ ಒಟ್ಟಿಗೆ ಇಡಿ.

ಯಾಕೆ ಅಂತ ಹೇಳುತ್ತೇನೆ. ಹಲವು ವರ್ಷದ ಹಿಂದೆ ಚಿತ್ರದುರ್ಗದ ಕಡೆಯಿಂದ ಒಬ್ಬ ಅಜ್ಜ ಐದು ವರ್ಷದ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಒಂದು ಅಕ್ಕಿ ಚೀಲ. ಅದರೊಳಗೆ ಮಗು ಹುಟ್ಟಿದಂದಿನಿಂದ ತೆಗೆಸಿದ ಹನ್ನೊಂದು ಎಕ್ಸ್‌ರೇ. ‘ದುಡ್ಡು ಕೊಟ್ಟಿದ್ದು, ಹೆಂಗೆ ಬಿಸಾಡೋದು’ ಅಂದರು. ನಾನು ಒಂದೊಂದನ್ನೇ ಕಿಟಕಿಯ ಗಾಜಿಗೆ ಅಂಟಿಸುತ್ತಾ ಹೋದೆ. ಒಂದೇ ಒಂದನ್ನು ನೋಡಿದ್ದರೆ ಮಾಮೂಲಿ ನ್ಯುಮೋನಿಯಾ ಅನ್ನುತ್ತಿದ್ದೆ. ಅಷ್ಟೂ ಡಾಕ್ಟರುಗಳು ನೋಡಿದ್ದು ಒಂದೊಂದನ್ನೇ. ಸಾಲಾಗಿ ಹಚ್ಚಿದಾಗ ಕಂಡಿತು, ಬಿಳಿ ಮಚ್ಚೆ ಪ್ರತಿ ಸಲವೂ ಅದೇ ಜಾಗದಲ್ಲಿ. ಎಡಗಡೆ ಕೆಳಗೆ, ಹೃದಯದ ನೆರಳಿನ ಹಿಂದೆ. ಹುಡುಗ ಆರಾಮಾಗಿದ್ದಾಗ ತೆಗೆಸಿದ ಎರಡು ಎಕ್ಸ್‌ರೇಯಲ್ಲೂ ಅದು ಪೂರ್ತಿ ಹೋಗಿರಲಿಲ್ಲ. ಇಡೀ ಕಾಯಿಲೆಯ ಕಥೆ ಆ ಅಕ್ಕಿ ಚೀಲದಲ್ಲಿತ್ತು.

ಬಣ್ಣದ ಔಷಧಿ ಕೊಟ್ಟು ಸಿಟಿ ಮಾಡಿಸಿದೆವು. ಶ್ವಾಸಕೋಶದ ಆ ತುಂಡಿಗೆ ರಕ್ತ ಬರುತ್ತಿದ್ದದ್ದು ಹೃದಯದಿಂದ ಇಡೀ ಮೈಗೆ ರಕ್ತ ಒಯ್ಯುವ ಮಹಾಧಮನಿಯಿಂದ, ನೇರವಾಗಿ. ಇದಕ್ಕೆ ಸೀಕ್ವೆಸ್ಟ್ರೇಶನ್ ಎನ್ನುತ್ತಾರೆ. ಪ್ರೈಸ್ ಎಂಬ ಡಾಕ್ಟರು 1946ರಲ್ಲಿ ಕೊಟ್ಟ ಹೆಸರು. ನೀವು ಭತ್ತ ಬೆಳೆಯುವವರು, ಹೀಗೆ ಯೋಚಿಸಿ. ಒಂದು ಗದ್ದೆ ಇದೆ. ಎಲ್ಲರಂತೆ ಹೊಲಗಾಲುವೆಯಿಂದ ನೀರು ಹಾಯಿಸಿಕೊಳ್ಳುವುದಿಲ್ಲ, ದೊಡ್ಡ ಕಾಲುವೆಯನ್ನೇ ಒಡೆದು ನೀರು ತಂದುಕೊಂಡಿದೆ. ಬಸಿಗಾಲುವೆಯೂ ಇಲ್ಲ. ಒಳಗೆ ಬಂದದ್ದು ಅಲ್ಲೇ ನಿಂತು ಕೊಳೆಯುತ್ತದೆ. ಶ್ವಾಸಕೋಶದ ಆ ತುಂಡಿಗೂ ಉಸಿರಿನ ಕೊಳವೆಯ ಸರಿಯಾದ ದಾರಿ ಇರುವುದಿಲ್ಲ. ಕಫ ಹೊರಗೆ ಹೋಗುವುದಿಲ್ಲ. ಆಂಟಿಬಯಾಟಿಕ್ ಕೊಟ್ಟರೆ ಜ್ವರ ಇಳಿಯುತ್ತದೆ. ಮೂರು ತಿಂಗಳಿಗೆ ಮತ್ತೆ ಶುರು.

ನಿಮ್ಮ ಮಗಳಿಗೆ ಇದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆಗಲು ನಮ್ಮ ಕಡೆ ಇನ್ನೊಂದು ದೊಡ್ಡ ಕಾರಣ ಕಡಲೆಕಾಯಿ ಬೀಜ. ಮಗು ಆಡುತ್ತಾ ತಿನ್ನುವಾಗ ಒಂದು ಚೂರು ಉಸಿರಿನ ಕೊಳವೆಗೆ ಇಳಿದು ಕೂತಿರುತ್ತದೆ. ಮೊದಲ ನ್ಯುಮೋನಿಯಾಕ್ಕೆ ಮುಂಚೆ ಯಾವತ್ತಾದರೂ ಏನೋ ತಿನ್ನುವಾಗ ಇದ್ದಕ್ಕಿದ್ದಂತೆ ಕೆಮ್ಮಿ, ಮುಖ ನೀಲಿಗಟ್ಟಿತ್ತಾ ಅಂತ ಮನೆಯಲ್ಲಿ ಎಲ್ಲರನ್ನೂ ಕೇಳಿ, ಅಜ್ಜಿಯನ್ನೂ ಕೇಳಿ. ಹಾಗಿದ್ದರೆ ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಬಾಯಿಯ ಮೂಲಕ ಉಸಿರಿನ ಕೊಳವೆಗೆ ದುರ್ಬೀನು ಇಳಿಸಿ, ತೆಗೆಯಬಹುದು, ಎದೆ ಕೊಯ್ಯುವ ಮಾತೇ ಇಲ್ಲ. ಟಿಬಿಯೂ ಒಂದೇ ಕಡೆ ಕೂರಬಹುದು. ಆದರೆ ಕಫವನ್ನೋ ಜಠರದಿಂದ ತೆಗೆದ ನೀರನ್ನೋ ಪರೀಕ್ಷೆಗೆ ಕಳಿಸಿದ್ದರಾ ಎಂದು ಹಳೆಯ ಕಾಗದದಲ್ಲಿ ನೋಡಿ.

ಮಚ್ಚೆ ಪ್ರತಿ ಸಲ ಜಾಗ ಬದಲಿಸಿದ್ದರೆ ಯೋಚನೆಯೇ ಬೇರೆ. ಆಗ ಆಸ್ತಮಾ, ರೋಗನಿರೋಧಕ ಶಕ್ತಿಯ ಕೊರತೆ ಇಂಥವನ್ನು ಹುಡುಕಬೇಕು. ಹುಟ್ಟಿದ ದಿನದಿಂದ ಮೂಗು ಸೋರುತ್ತಲೇ ಇದ್ದು, ಎಕ್ಸ್‌ರೇಯಲ್ಲಿ ಹೃದಯ ಬಲಗಡೆಗೆ ಇದ್ದರೆ ಅದು ಕೊಳವೆಯೊಳಗಿನ ಸೂಕ್ಷ್ಮ ಕೂದಲುಗಳು ಕೆಲಸ ಮಾಡದ ಕಾಯಿಲೆ. ಮುತ್ತು ಕೊಟ್ಟಾಗ ಮಗುವಿನ ಹಣೆ ಉಪ್ಪುಪ್ಪು ಎನಿಸುತ್ತದೆ, ತೂಕ ಏರುವುದಿಲ್ಲ, ಮಲದಲ್ಲಿ ಎಣ್ಣೆಯಂಶ ಇರುತ್ತದೆ ಅಂದರೆ ಸಿಸ್ಟಿಕ್ ಫೈಬ್ರೋಸಿಸ್ ಇರಬಹುದು. ಬೆವರಿನ ಕ್ಲೋರೈಡ್ ಪರೀಕ್ಷೆಯಲ್ಲಿ 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಕಾಯಿಲೆ ಎಂದೇ ಲೆಕ್ಕ. ಇವಕ್ಕೆ ಆಪರೇಷನ್ ಮೊದಲ ಮದ್ದಲ್ಲ.

ಈಗ ಮಗಳಿಗೆ ಕೆಮ್ಮು, ಜ್ವರ ಇಲ್ಲ ಅಂದರೆ ಇದೇ ಒಳ್ಳೆಯ ಸಮಯ. ಗುಣವಾಗಿ ಆರು ವಾರದ ಮೇಲೆ ಒಂದು ಎಕ್ಸ್‌ರೇ ತೆಗೆಸಿ. ಮಗು ಆಡಲು ಶುರು ಮಾಡಿದ ಮೇಲೆ ಎಕ್ಸ್‌ರೇ ತೆಗೆಸುವುದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಮಚ್ಚೆ ಅಲ್ಲೇ ಇದೆಯಾ, ಹೋಗಿದೆಯಾ ಎಂದು ಹೇಳುವುದು ಆ ಚಿತ್ರವೇ. ಸಿಟಿ ಬೇಕು ಎಂದರೆ ರಕ್ತನಾಳ ಕಾಣುವ ಹಾಗೆ ಬಣ್ಣದ ಔಷಧಿ ಕೊಟ್ಟೇ ಮಾಡಿಸಿ. ಮಹಾಧಮನಿಯಿಂದ ಬರುವ ಆ ನಾಳ ಎಲ್ಲಿದೆ ಎಂದು ಮೊದಲೇ ಗೊತ್ತಿಲ್ಲದೆ ಕೈ ಹಾಕಿದರೆ ರಕ್ತ ನಿಲ್ಲಿಸುವುದು ಕಷ್ಟ. ನಾವು ಮೊದಲು ಕಟ್ಟುವುದೇ ಅದನ್ನು.

ಮಗು ಹೇಗೆ ಬದುಕುತ್ತದೆ ಎಂದು ಕೇಳಿದಿರಿ. ಶ್ವಾಸಕೋಶಕ್ಕೆ ಬಲಗಡೆ ಮೂರು, ಎಡಗಡೆ ಎರಡು, ಒಟ್ಟು ಐದು ಹಾಲೆಗಳು. ನಾವು ತೆಗೆಯುವುದು ಸಾಮಾನ್ಯವಾಗಿ ಕೆಟ್ಟಿರುವ ಒಂದನ್ನು. ಅದು ಮೊದಲಿನಿಂದಲೂ ಉಸಿರಾಟಕ್ಕೆ ಏನೂ ಕೊಟ್ಟಿರುವುದಿಲ್ಲ. ಮಕ್ಕಳಲ್ಲಿ ಇನ್ನೊಂದು ಅನುಕೂಲ ಇದೆ. ಹುಟ್ಟುವಾಗ ಕೆಲವೇ ಕೋಟಿ ಇರುವ ಗಾಳಿಚೀಲಗಳು ಬೆಳೆಯುತ್ತಾ 30 ಕೋಟಿ ದಾಟುತ್ತವೆ. ಮೊದಲ ಎರಡು ಮೂರು ವರ್ಷ ಈ ಬೆಳವಣಿಗೆ ತುಂಬಾ ಜೋರು, ಆಮೇಲೂ ನಿಧಾನವಾಗಿ ನಡೆಯುತ್ತದೆ. ಹಾಗಾಗಿ ಉಳಿದ ಭಾಗ ಬೆಳೆದು ಖಾಲಿ ಜಾಗವನ್ನು ತುಂಬಿಕೊಳ್ಳುತ್ತದೆ. ಆಪರೇಷನ್ ಆದ ಮೇಲೆ ಎದೆಯಲ್ಲಿ ಒಂದು ಟ್ಯೂಬ್ ಕೆಲವು ದಿನ ಇರುತ್ತದೆ. ಸೋಪಿನ ಗುಳ್ಳೆ ಊದಲು ಮಕ್ಕಳಿಗೆ ಕೊಡುತ್ತೇವೆ. ಅದೇ ಅವರ ಉಸಿರಿನ ವ್ಯಾಯಾಮ. ಎಲ್ಲ ಸರಿಯಾಗಿದ್ದರೆ ವಾರದೊಳಗೆ ಮನೆಗೆ. ಆ ಚಿತ್ರದುರ್ಗದ ಹುಡುಗ ಈಗ ಕಾಲೇಜಿನಲ್ಲಿ ಕಬಡ್ಡಿ ಆಡುತ್ತಾನೆ. ಕಳೆದ ವರ್ಷ ಫೋನ್ ಮಾಡಿ, ಅಜ್ಜ ತೀರಿಕೊಂಡರು ಎಂದು ತಿಳಿಸಿದ. ಆ ಚೀಲ ಈಗಲೂ ಅಟ್ಟದ ಮೇಲಿದೆಯಂತೆ.

ಖರ್ಚಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ರೆಫರಲ್ ಪತ್ರ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂದು ಒಬ್ಬರು ಕೂತಿರುತ್ತಾರೆ. ಯಾವ ಆಪರೇಷನ್ ಯೋಜನೆಯಲ್ಲಿ ಸೇರಿದೆ ಎಂದು ಅವರನ್ನೇ ಕೇಳಿ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಹೊಲ ಅಡ ಇಡುವ ಮೊದಲು ಈ ದಾರಿಯನ್ನು ನೋಡಿ. ಇದು ನನ್ನ ಕೋರಿಕೆ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. 20 ದಿನದ ಮಗುವಿಗೆ ಪಕ್ಕೆ ಹೊಡೆದುಕೊಳ್ಳುತ್ತಿತ್ತು. ಎಕ್ಸ್‌ರೇಯಲ್ಲಿ ಎಡ ಎದೆ ಪೂರ್ತಿ ಕಪ್ಪು. ಗಾಳಿ ಸೋರಿದೆ ಎಂದು ಎದೆಗೆ ಟ್ಯೂಬ್ ಹಾಕಲು ಹೊರಟಿದ್ದೆವು. ಹಿರಿಯ ಡಾಕ್ಟರು ತಡೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಮೇಲೆ ಅದು ಲೋಬಾರ್ ಎಂಫಿಸೀಮಾ ಅಂತ ಗೊತ್ತಾಯಿತು. ಮುಂದೆ ನಾವು ಗುರುತಿಸುವುದು ಹೇಗೆ?
— ಓದುಗರು, ಹೆಸರು ಬೇಡ ಎಂದಿದ್ದಾರೆ

ಉತ್ತರ: ತಡೆದ ಆ ಡಾಕ್ಟರಿಗೂ, ಅದನ್ನು ಕೇಳಿ ತಿಳಿದುಕೊಳ್ಳುತ್ತಿರುವ ನಿಮಗೂ ನನ್ನ ನಮಸ್ಕಾರ. ಈ ಕಾಯಿಲೆಯಲ್ಲಿ ಒಂದು ಹಾಲೆಯೊಳಗೆ ಗಾಳಿ ಹೋಗುತ್ತದೆ, ಹೊರಗೆ ಬರುವುದಿಲ್ಲ. ಬಲೂನಿನಂತೆ ಊದಿಕೊಂಡು ಪಕ್ಕದ ಒಳ್ಳೆಯ ಶ್ವಾಸಕೋಶವನ್ನು ಒತ್ತುತ್ತದೆ. ಹೆಚ್ಚಾಗಿ ಎಡಗಡೆಯ ಮೇಲಿನ ಹಾಲೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಆ ಕಪ್ಪಿನೊಳಗೆ ನೋಡಿ. ತೆಳ್ಳಗೆ ಎಳೆಗಳಂತೆ ರಕ್ತನಾಳಗಳು ಕಂಡರೆ ಅದು ಶ್ವಾಸಕೋಶವೇ, ಸೋರಿದ ಗಾಳಿ ಅಲ್ಲ. ಅದರೊಳಗೆ ಟ್ಯೂಬ್ ತೂರಿಸಿದರೆ ಮಗು ಕೈತಪ್ಪಬಹುದು. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗಿನಿಂದ ಜೋರಾಗಿ ಒತ್ತಿದರೂ ಬಲೂನು ಇನ್ನಷ್ಟು ಊದುತ್ತದೆ. ಆಮ್ಲಜನಕ ಕೊಟ್ಟು, ಅಳಿಸದೆ, ಬೇಗ ಕಳಿಸಿ.

ಹುಟ್ಟಿದ ಕೂಡಲೇ ಉಸಿರಿಗೆ ಒದ್ದಾಡುವ ಮಗುವಿನ ಹೊಟ್ಟೆ ಒಳಗೆ ಹೋದಂತೆ ಚಪ್ಪಟೆ ಇದ್ದರೆ ಇನ್ನೊಂದನ್ನು ನೆನಪಿಡಿ. ಎದೆ ಮತ್ತು ಹೊಟ್ಟೆಯನ್ನು ಬೇರೆ ಮಾಡುವ ಸ್ನಾಯುಪರದೆಯಾದ ವಪೆಯಲ್ಲಿ ತೂತಿದ್ದು ಕರುಳು ಎದೆಗೆ ಏರಿರಬಹುದು. ಆಗ ಮುಖಕ್ಕೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಲೇಬಾರದು. ಗಾಳಿ ಹೊಟ್ಟೆಗೆ ಹೋಗಿ ಎದೆಯೊಳಗಿನ ಕರುಳು ಊದಿಕೊಳ್ಳುತ್ತದೆ. ಹೊಟ್ಟೆಗೆ ಟ್ಯೂಬ್ ಹಾಕಿ ಗಾಳಿ ತೆಗೆಯಿರಿ. ಉಸಿರಿಗೆ ನೆರವು ಬೇಕಾದರೆ ಶ್ವಾಸನಾಳಕ್ಕೇ ಟ್ಯೂಬ್ ಹಾಕಬೇಕು.

ಪ್ರಶ್ನೆ: ನನಗೆ 68 ವರ್ಷ. ಎರಡು ತಿಂಗಳ ಮೊಮ್ಮಗನಿಗೆ ನಾನೇ ಎರೆಯುವುದು. ಮೂಗಿಗೆ, ಕಿವಿಗೆ ಎಣ್ಣೆ ಬಿಟ್ಟು, ಸಾಂಬ್ರಾಣಿ ಹೊಗೆ ಕೊಡುತ್ತೇನೆ. ಎರಡು ವಾರದವನಿದ್ದಾಗಿನಿಂದ ಉಸಿರಾಡುವಾಗ ಗೊರಗೊರ ಸದ್ದು. ಹುಟ್ಟಿನಿಂದ ಬಂದ ಕಫ ಅಂದುಕೊಂಡೆ. ಡಾಕ್ಟರು ಮಗಳನ್ನು ಬೈದರು. ನಾನು ಐದು ಮಕ್ಕಳನ್ನು ಹೀಗೇ ಸಾಕಿದವಳು. ತಪ್ಪೇನಿದೆ?
— ಓದುಗರು, ಶಿರಸಿ

ಉತ್ತರ: ಅಮ್ಮಾ, ಬೈಯಬಾರದಿತ್ತು. ನಿಮ್ಮ ಕೈಯ ಬಿಸಿನೀರು ಆ ಮಗುವಿಗೆ ಚೆನ್ನಾಗಿಯೇ ಇರುತ್ತದೆ. ಎರೆಯುವುದನ್ನು ಬಿಡಬೇಡಿ. ಮೂಗಿಗೆ ಎಣ್ಣೆ ಬಿಡುವುದನ್ನು, ಹೊಗೆಯನ್ನು ಮಾತ್ರ ಇವತ್ತೇ ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದನ್ನು ಕೆಮ್ಮಿ ಹೊರಹಾಕುವ ಶಕ್ತಿ ಎಳೆಮಗುವಿಗೆ ಇಲ್ಲ. ಅಲ್ಲೇ ಉಳಿದು ಗಟ್ಟಿ ನ್ಯುಮೋನಿಯಾ ಆಗುತ್ತದೆ, ಆಂಟಿಬಯಾಟಿಕ್ಕಿಗೆ ಬಗ್ಗುವುದಿಲ್ಲ. ಇಂಥ ಎಕ್ಸ್‌ರೇ ನೋಡಿ ಹುಟ್ಟಿನಿಂದ ಬಂದ ದೋಷವೇ ಎಂದು ನಾವು ತಲೆ ಕೆಡಿಸಿಕೊಂಡದ್ದೂ ಇದೆ. ಒಳಲೆಯಲ್ಲಿ ಹಾಲು ಹಾಕುವುದಾದರೆ ಮಗುವನ್ನು ಮಲಗಿಸಿ ಬಾಯಿಗೆ ಸುರಿಯಬೇಡಿ, ತಲೆ ಎತ್ತಿ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಹಾಕಿ.

ಆ ಸದ್ದು ಬಹುಶಃ ಕಫದ್ದಲ್ಲ. ಗಂಟಲಿನ ಧ್ವನಿಪೆಟ್ಟಿಗೆಯ ಮೇಲ್ಭಾಗ ಇನ್ನೂ ಮೆತ್ತಗಿದ್ದು, ಉಸಿರು ಎಳೆದುಕೊಂಡಾಗ ಒಳಗೆ ಕುಸಿದು ಸದ್ದಾಗುತ್ತದೆ. ಅಂಗಾತ ಮಲಗಿದಾಗ, ಹಾಲು ಕುಡಿಯುವಾಗ, ಅಳುವಾಗ ಜಾಸ್ತಿ, ಹೆಗಲ ಮೇಲೆ ಹಾಕಿಕೊಂಡಾಗ ಕಡಿಮೆ ಎಂದರೆ ಇದೇ ಇರಬೇಕು. ಬಹಳ ಮಕ್ಕಳಿಗೆ ಒಂದೂವರೆ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ತೂಕ ಏರುತ್ತಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಏರದಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯುವಾಗ ಬೆವೆತು ಬಿಟ್ಟುಬಿಟ್ಟರೆ ಕಾಯಬೇಡಿ.

ನಿಮಗೆ ಇನ್ನೊಂದು ಕೆಲಸ ಒಪ್ಪಿಸುತ್ತೇನೆ. ಮಗು ಮಲಗಿದಾಗ ಹೊಟ್ಟೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಎಣಿಸಿ. ಎರಡು ತಿಂಗಳವರೆಗೆ 60, ಆಮೇಲೆ ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40. ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ ಆಸ್ಪತ್ರೆ. ಮನೆಯಲ್ಲಿ ಹೀಗೆ ಎಣಿಸುವ ತಾಳ್ಮೆ ಅಜ್ಜಿಯರಿಗೇ ಜಾಸ್ತಿ. ಆರನೇ ವಾರದ ಲಸಿಕೆ ಆಗಿದೆಯಾ ಎಂದೂ ನೋಡಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಸರ್ಕಾರಿ ಕೇಂದ್ರಗಳಲ್ಲಿ 6 ಮತ್ತು 14ನೇ ವಾರದಲ್ಲಿ, ಮತ್ತೆ 9ನೇ ತಿಂಗಳಲ್ಲಿ ಉಚಿತ.

ಪ್ರಶ್ನೆ: ನಾನು ಸೋದರಮಾವನನ್ನೇ ಮದುವೆಯಾಗಿದ್ದೇನೆ. ಮೊದಲ ಮಗನಿಗೆ ಸಿಪಿಎಎಮ್ ಆಗಿ ಆಪರೇಷನ್ ಆಯಿತು, ಚೆನ್ನಾಗಿದ್ದಾನೆ. ರಕ್ತಸಂಬಂಧದಿಂದಲೇ ಹೀಗಾಯಿತು ಎನ್ನುತ್ತಾರೆ. ಎರಡನೇ ಮಗು ಮಾಡಿಕೊಳ್ಳಲು ಭಯ.
— ಓದುಗರು, ಮಂಡ್ಯ

ಉತ್ತರ: ಸಿಪಿಎಎಮ್ ಸಾಮಾನ್ಯವಾಗಿ ಮನೆತನದಲ್ಲಿ ಬರುವ ಕಾಯಿಲೆ ಅಲ್ಲ. ಅದು ಸಂಬಂಧದೊಳಗಿನ ಮದುವೆಯಿಂದ ಬಂತು ಎಂದು ಹೇಳಲು ಆಧಾರವಿಲ್ಲ. ಎರಡನೇ ಮಗುವಿಗೆ ಮತ್ತೆ ಬರುವುದು ತೀರಾ ಅಪರೂಪ.

ಸಂಬಂಧದೊಳಗೆ ಮದುವೆಯಾದವರಲ್ಲಿ ನಾವು ಎಚ್ಚರ ವಹಿಸುವುದು ಬೇರೆ ಕಾಯಿಲೆಗಳಿಗೆ. ಮೇಲೆ ಹೇಳಿದ ಸಿಸ್ಟಿಕ್ ಫೈಬ್ರೋಸಿಸ್, ಸೂಕ್ಷ್ಮ ಕೂದಲಿನ ಕಾಯಿಲೆ, ಗಾಳಿಚೀಲಗಳು ಮುಚ್ಚದಂತೆ ಕಾಯುವ ಸರ್ಫ್ಯಾಕ್ಟಂಟ್ ಸರಿಯಾಗಿ ತಯಾರಾಗದ ಕಾಯಿಲೆ, ಇವೆಲ್ಲ ಹಾಗೆ ಬರುವಂಥವು. ಅಪ್ಪ ಅಮ್ಮ ಇಬ್ಬರಲ್ಲೂ ಅದೇ ದೋಷದ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ. ನಿಮ್ಮ ಎರಡೂ ಕಡೆ ಯಾರಿಗಾದರೂ ತಿಂಗಳು ತುಂಬಿ ಹುಟ್ಟಿದ ಮಗು ಕಾರಣ ತಿಳಿಯದೆ ಉಸಿರಾಟದ ತೊಂದರೆಯಿಂದ ಕೆಲವೇ ದಿನದಲ್ಲಿ ತೀರಿಕೊಂಡಿದ್ದರೆ, ಅದನ್ನು ಜೆನೆಟಿಕ್ ಡಾಕ್ಟರಿಗೆ ಹೇಳಿ. ಹಳೆಯ ನೋವು ಎಂದು ಮನೆಯವರು ಮುಚ್ಚಿಡುತ್ತಾರೆ. ನೀವೇ ಮೆಲ್ಲಗೆ ಕೇಳಬೇಕಾಗುತ್ತದೆ.

ಮಗನಿಂದ ತೆಗೆದ ಭಾಗದ ಪೆಥಾಲಜಿ ರಿಪೋರ್ಟ್ ನಿಮ್ಮ ಹತ್ತಿರ ಇದೆಯಾ ನೋಡಿ. ಇಲ್ಲದಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಕೇಳಿ ಒಂದು ಪ್ರತಿ ತನ್ನಿ. ಅದರಲ್ಲಿ ಸಿಪಿಎಎಮ್ ಎಂದೇ ಬರೆದಿದ್ದರೆ ಎರಡನೇ ಸಲ 20ನೇ ವಾರದ ಸ್ಕ್ಯಾನ್ ಒಂದನ್ನು ತಪ್ಪಿಸಬೇಡಿ, ಅಷ್ಟೇ. ಹೋಗುವಾಗ ಮಗನ ಫೈಲನ್ನೂ ಜೊತೆಗೆ ಒಯ್ಯಿರಿ.